ಡಬ್ಬಿಯ ಬೆವರು ಆರುವ ತನಕ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಸಂಶೋಧನಾಲಯದ ಮೂರನೆಯ ಮಹಡಿಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ದೀಪದ ಕೆಳಗೆ ಆಳೆತ್ತರದ ಫ್ರೀಜರ್, ಅದರ ಎದುರು ಗಿಡ್ಡ ಮೈಕಟ್ಟಿನ ಒಬ್ಬ ಹೆಂಗಸು. ದಪ್ಪ ಕೈಗವಸು ತೊಟ್ಟು ಅವರು ಬಾಗಿಲು ಎಳೆಯುತ್ತಾರೆ. ಬಿಳಿ ಹೊಗೆ ಧುಮುಕಿ ಅವರ ಮೊಣಕಾಲನ್ನು ಸುತ್ತಿಕೊಳ್ಳುತ್ತದೆ. ಒಳಗಿರುವುದು ಸೊನ್ನೆಗಿಂತ ಎಪ್ಪತ್ತು ಡಿಗ್ರಿ ಕೆಳಗಿನ ಚಳಿ. ಅಂಗೈಯಗಲದ ನಾಲ್ಕು ಡಬ್ಬಿಗಳನ್ನು ತೆಗೆದು, ಬಾಗಿಲನ್ನು ಸೊಂಟದಿಂದ ತಳ್ಳಿ ಮುಚ್ಚಿ, ಅವುಗಳನ್ನು ಕಿಟಕಿ ಪಕ್ಕದ ಮೇಜಿನ ಮೇಲೆ ಒಂದಕ್ಕೊಂದು ತಾಗದಂತೆ ಇಡುತ್ತಾರೆ. ಪಕ್ಕದಲ್ಲಿ ಹಳೆಯ ಟೇಬಲ್ ಗಡಿಯಾರ. ಆಮೇಲೆ ಸ್ಟೂಲಿನ ಮೇಲೆ ಕುಳಿತು, ಕೈ ಮಡಿಲಲ್ಲಿಟ್ಟುಕೊಂಡು, ಸುಮ್ಮನೆ ಕಾಯುತ್ತಾರೆ.

ಈ ಕಾಯುವುದೇ ಕೆಲಸ. ಡಬ್ಬಿಗಳ ಮೇಲೆ ಮೊದಲು ಬೂದಿ ಬಳಿದಂತೆ ಹಿಮ ಕೂರುತ್ತದೆ. ಹಿಮ ಕರಗಿ ಹನಿಯಾಗುತ್ತದೆ. ಹನಿಗಳು ಇಳಿದು ಮೇಜನ್ನು ಒದ್ದೆ ಮಾಡಿ, ನಿಧಾನವಾಗಿ ಆರುತ್ತವೆ. ಇದಕ್ಕೆಲ್ಲ ನಲವತ್ತು ನಿಮಿಷ ಬೇಕು, ಮೋಡದ ದಿನವಾದರೆ ಐವತ್ತು. ಅಷ್ಟು ಹೊತ್ತೂ ಯಾರೂ ಮುಚ್ಚಳ ಮುಟ್ಟುವಂತಿಲ್ಲ.

"ಹೊರಗಡೆ ಬೆವರ್ತಾ ಇದೆ ಅಂದ್ರೆ ಒಳಗಡೆ ಇನ್ನೂ ತಣ್ಣಗಿದೆ ಅಂತ ಅರ್ಥ," ಎನ್ನುತ್ತಾರೆ ಅವರು. "ಈಗ ಮುಚ್ಚಳ ತೆಗೆದ್ರೆ ಆ ಬೆವರೆಲ್ಲ ಒಳಗಿನ ಗಾಜಿನ ಮೇಲೆ ಕೂತ್ಕೊಳ್ಳುತ್ತೆ. ಅಲ್ಲಿಗೆ ಕಥೆ ಮುಗೀತು."

ಇಲ್ಲಿ ಎಲ್ಲರೂ ಅವರನ್ನು ಕರೆಯುವುದು ಡಬ್ಬಿಯಕ್ಕ ಎಂದೇ. ಸಂಸ್ಥೆಯಲ್ಲಿ ಅವರ ಹುದ್ದೆ ಸಹಾಯಕಿ. ವಯಸ್ಸು ಐವತ್ತೊಂಬತ್ತು, ನಿವೃತ್ತಿಗೆ ಎಂಟು ತಿಂಗಳು ಬಾಕಿ. ಹದಿನೈದು ವರ್ಷಗಳಿಂದ ಈ ನಲವತ್ತು ನಿಮಿಷಗಳನ್ನು ಅವರು ಒಬ್ಬರೇ ಕಾದಿದ್ದಾರೆ. ಆ ಕಾಯುವಿಕೆಯ ಮೇಲೆ ಇತರರು ದೊಡ್ಡ ಲೇಖನ ಬರೆದರು, ಸಭೆಗಳಲ್ಲಿ ಭಾಷಣ ಮಾಡಿದರು, ಶಾಲು ಹೊದೆಸಿಕೊಂಡರು. ಇಷ್ಟೇ ಆಗಿದ್ದರೆ ಲೋಕದ ರೀತಿಯೇ ಹೀಗೆ ಎಂದು ಸುಮ್ಮನಿರಬಹುದಿತ್ತು. ಆದರೆ ಲೇಖನ ಎಡವಿದ ದಿನ ಕಳ್ಳಿಯ ಪಟ್ಟ ಕಟ್ಟಿದ್ದು ಈ ಹೆಂಗಸಿನ ತಲೆಗೆ. ಆ ಪಟ್ಟವನ್ನು ಇವತ್ತಿನವರೆಗೂ ಯಾರೂ ಇಳಿಸಿಲ್ಲ.

ಡಬ್ಬಿಯೊಳಗೆ ಏನಿದೆ ಎಂದು ಮೊದಲು ತಿಳಿಯಬೇಕು. ಗಾಜಿನ ಪಟ್ಟಿಗಳು, ಪ್ರಯೋಗಾಲಯದವರು ಸ್ಲೈಡು ಎನ್ನುತ್ತಾರೆ. ಒಂದೊಂದರ ಮೇಲೂ ಒಬ್ಬ ರೋಗಿಯ ಗಡ್ಡೆಯಿಂದಲೋ ಮೂಳೆಯ ಮಜ್ಜೆಯಿಂದಲೋ ತೆಗೆದ ಜೀವಕೋಶಗಳ ತೆಳ್ಳನೆಯ ಲೇಪವಿದೆ. ಒಣಗಿಸಿ, ಚಳಿಯಲ್ಲಿ ಕಾಪಿಟ್ಟದ್ದು. ಆ ಕೋಶಗಳಿಗೆ ಜೀವವಿಲ್ಲ. ಆದರೆ ಹದವಾಗಿ ಕಾಪಿಟ್ಟರೆ ಅವುಗಳೊಳಗಿನ ಕಿಣ್ವಗಳು, ಎಂದರೆ ಕೋಶದ ಒಳಗೆ ಕೂಲಿಯಾಳಿನಂತೆ ದುಡಿಯುವ ಪದಾರ್ಥಗಳು, ಕಸುಬು ಮರೆತಿರುವುದಿಲ್ಲ. ಡಿಎನ್‌ಎ ಎಳೆ ನೇಯಲು ಬೇಕಾದ ಸಾಮಗ್ರಿಯನ್ನು ಹನಿಸಿ ಬೆಚ್ಚಗಿಟ್ಟರೆ ಆ ಕಿಣ್ವಗಳು ನಿಲ್ಲಿಸಿದ್ದ ನೇಯ್ಗೆಯನ್ನು ಮತ್ತೆ ಹಿಡಿಯುತ್ತವೆ. ಉಸಿರು ನಿಂತ ಮನೆಯಲ್ಲಿ ಮಗ್ಗ ಮಾತ್ರ ಆಡಿದ ಹಾಗೆ. ಸೃಷ್ಟಿಕರ್ತ ಎಂಥ ಕೆಲಸಗಾರನೆಂದು ತಿಳಿಯಬೇಕಾದವರು ಇದನ್ನೊಮ್ಮೆ ನೋಡಬೇಕು.

ಎಲ್ಲ ಕೋಶಗಳೂ ಹೀಗೆ ನೇಯುವುದಿಲ್ಲ. ಕಾಪಿಡುವ ಗಳಿಗೆಯಲ್ಲಿ ಇಬ್ಭಾಗವಾಗಲು ಸಿದ್ಧವಾಗುತ್ತಿದ್ದವು ಮಾತ್ರ ನೇಯುತ್ತವೆ. ಹನಿಸುವ ಸಾಮಗ್ರಿಗೆ ಬಲು ಮಂದವಾಗಿ ಕಿರಣ ಸೂಸುವ ಗುರುತು ಸೇರಿಸಿರುತ್ತಾರೆ. ಆಮೇಲೆ ಕತ್ತಲೆ ಕೋಣೆಯಲ್ಲಿ, ಫೋಟೋ ಫಿಲ್ಮಿಗೆ ಬಳಿಯುವಂಥ ಲೇಪದಲ್ಲಿ ಸ್ಲೈಡನ್ನು ಅದ್ದಿ, ಹದಿನಾಲ್ಕು ದಿನ ಬೆಳಕು ಸೋಕದ ಪೆಟ್ಟಿಗೆಯಲ್ಲಿಟ್ಟು ತೊಳೆದರೆ, ನೇಯ್ದ ಕೋಶಗಳ ಮೇಲೆ ಕರಿ ಚುಕ್ಕಿಗಳು ಮೂಡಿರುತ್ತವೆ. ಐನೂರರಲ್ಲಿ ಎಷ್ಟು ಕೋಶಕ್ಕೆ ಚುಕ್ಕಿ ಬಿತ್ತು ಎಂದು ಎಣಿಸಿದರೆ ಆ ರೋಗ ಎಷ್ಟು ಜೋರಾಗಿ ಬೆಳೆಯುತ್ತಿತ್ತು ಎಂದು ವೈದ್ಯರು ಅಂದಾಜು ಮಾಡಬಹುದು.

ಎಣಿಸುವವರೂ ಡಬ್ಬಿಯಕ್ಕನೇ. ದಿನಕ್ಕೆ ಹನ್ನೆರಡು ಸ್ಲೈಡು, ಒಂದೊಂದರಲ್ಲಿ ಐನೂರು ಕೋಶ. ಬಲಗಣ್ಣು ಸೂಕ್ಷ್ಮದರ್ಶಕಕ್ಕೆ, ಎಡಗೈ ಹೆಬ್ಬೆರಳು ಎಣಿಕೆ ಯಂತ್ರದ ಗುಂಡಿಗೆ. ದಿನಕ್ಕೆ ಆರು ಸಾವಿರ, ವರ್ಷಕ್ಕೆ ಹದಿನೈದು ಲಕ್ಷ. ಅವರ ಗಂಡನದು ಗಡಿಯಾರ ರಿಪೇರಿ ಅಂಗಡಿ, ಲೆಕ್ಕದಲ್ಲಿ ಚುರುಕು. "ನನ್ನ ಹೆಂಡ್ತಿ ಇಲ್ಲೀವರೆಗೆ ಎರಡೂವರೆ ಕೋಟಿ ಎಣಿಸಿದ್ದಾಳೆ ಸ್ವಾಮಿ," ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಾರೆ. "ಒಂದನ್ನೂ ಮನೆಗೆ ತಂದಿಲ್ಲ!"

ಮನೆಯಿರುವುದು ಆ ಅಂಗಡಿಯ ಹಿಂದೆಯೇ. ಎರಡು ಕೋಣೆ, ಗೋಡೆ ತುಂಬ ಬೇರೆಯವರ ಗಡಿಯಾರಗಳು, ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತವೆ. ಎಂಬತ್ತೊಂದು ವರ್ಷದ ಅತ್ತೆ ಬಾಗಿಲ ಬಳಿಯ ಮಂಚದಲ್ಲಿ ಕುಳಿತು ಹೋಗುವವರ ಬರುವವರ ವರದಿ ಒಪ್ಪಿಸುತ್ತಾರೆ. ಸೊಸೆ ಐದು ಗಂಟೆಗೆ ಹೊರಟಳೆಂದರೆ ಬೆನ್ನ ಹಿಂದೆ ದಿನವೂ ಒಂದೇ ಪಲ್ಲವಿ: "ಹೋಗವ್ವ ಹೋಗು, ನಿನ್ನ ಡಬ್ಬಿಗೆ ಬೆವರು ಬಂದಿರುತ್ತೆ, ಬೀಸಣಿಗೆ ಹಾಕು. ಇಲ್ಲಿ ನಾನು ಬೆವರಿದ್ರೆ ಕೇಳೋರಿಲ್ಲ."

"ನಿಮಗೂ ಮುಚ್ಚಳ ಹಾಕಿ ನಲವತ್ತು ನಿಮಿಷ ಕೂರಿಸ್ತೀನಿ ಅತ್ತೆ," ಎಂದು ಸೊಸೆ ಚಪ್ಪಲಿ ಮೆಟ್ಟುತ್ತಲೇ ಉತ್ತರ ಕೊಡುತ್ತಾರೆ. "ಬೀದಿಯವರಿಗೆ ಸ್ವಲ್ಪ ನೆಮ್ಮದಿ ಸಿಗುತ್ತೆ."

ಅಕ್ಕ ಈ ಸಂಸ್ಥೆಗೆ ಮೊದಲು ಸೇರಿದ್ದು ನೆಲಮಾಳಿಗೆಯ ಬಾಟಲಿ ತೊಳೆಯುವ ಕೋಣೆಗೆ. ಹತ್ತು ವರ್ಷ ಅಲ್ಲಿ ಗಾಜು ತೊಳೆದರು. ಒಂದು ದಿನ ವಿಭಾಗದ ಅಂದಿನ ಮುಖ್ಯಸ್ಥೆ ಕೆಳಗಿಳಿದು ಬಂದು, "ಈ ಪಾತ್ರೆಗಳನ್ನ ತೊಳೆಯೋದು ಯಾರು? ನನ್ನ ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಇಷ್ಟು ಶುದ್ಧವಾದ ಗಾಜು ನೋಡಿಲ್ಲ," ಎಂದು ಕೇಳಿ, ಕೈಹಿಡಿದು ಮೇಲಕ್ಕೆ ಕರೆದೊಯ್ದರು. ಅಕ್ಕ ಈಗಲೂ ಅವರನ್ನು "ಹಳೇ ಮೇಡಂ" ಎನ್ನುತ್ತಾರೆ. ಹೇಳುವಾಗ ದನಿ ತಗ್ಗುತ್ತದೆ. ಹಳೇ ಮೇಡಂ ತೀರಿಕೊಂಡು ಆರು ವರ್ಷವಾಯಿತು. ಕೆಲವರು ಹೋದ ಮೇಲೆ ಅವರ ಕುರ್ಚಿಯಲ್ಲಿ ಬೇರೆಯವರು ಕೂರುತ್ತಾರೆ, ಜಾಗ ಮಾತ್ರ ತುಂಬುವುದಿಲ್ಲ.

ಮೇಲೆ ಬಂದ ಎರಡನೆಯ ವರ್ಷ ಅಕ್ಕನ ಕೈಯಿಂದ ಒಂದು ತಪ್ಪಾಯಿತು. ಆವತ್ತು ಮಾವನವರಿಗೆ ಮೈ ಹುಷಾರಿರಲಿಲ್ಲ. ತಡವಾಗಿ ಬಂದವರು ಅವಸರದಲ್ಲಿ ಡಬ್ಬಿಯನ್ನು ಫ್ರೀಜರಿನಿಂದ ತೆಗೆದವರೇ ಮುಚ್ಚಳ ಬಿಚ್ಚಿಬಿಟ್ಟರು. ಕಣ್ಣೆದುರೇ ಮೂವತ್ತು ಸ್ಲೈಡುಗಳ ಮೇಲೆ ಮಂಜು ಮುಸುಕಿತು. ಒಣಗಿದ್ದ ಕೋಶಗಳು ಆ ನೀರಿಗೆ ಒಡೆದವು, ಕಿಣ್ವಗಳು ಕರಗಿ ಹೋದವು. ಹದಿನಾಲ್ಕು ದಿನದ ನಂತರ ನೋಡಿದರೆ ಒಂದು ಚುಕ್ಕಿಯೂ ಇಲ್ಲ. ಆ ಕೋಶಗಳನ್ನು ಕೊಟ್ಟ ರೋಗಿ ಅಷ್ಟರಲ್ಲಿ ತೀರಿಕೊಂಡಿದ್ದರು. ಮತ್ತೊಮ್ಮೆ ಕೇಳಿ ತರುವಂತಿರಲಿಲ್ಲ.

"ಮೇಡಂ ಬೈಲಿಲ್ಲ," ಎನ್ನುತ್ತಾರೆ ಅಕ್ಕ. "ಬೈದಿದ್ರೆ ಅತ್ತು ಹಗುರ ಆಗ್ತಿದ್ದೆ. ಪಕ್ಕದಲ್ಲಿ ಬಂದು ಕೂತ್ಕೊಂಡ್ರು. ಹೋದದ್ದು ಹೋಯ್ತು, ಹೇಗೆ ಹೋಯ್ತು ಅಂತ ನಿನ್ನ ಪುಸ್ತಕದಲ್ಲಿ ಬರೆದಿಡು, ಇನ್ನೊಬ್ಬರದ್ದು ಹೋಗೋದು ಬೇಡ ಅಂದ್ರು. ಬರೆದೆ. ಆವತ್ತಿಂದ ಡಬ್ಬಿ ಮುಚ್ಚಳ ತೆಗೆಯೋ ಮೊದಲು ಒಂದು ಸಲ ಕೈ ಮುಗೀತೀನಿ. ಯಾರದ್ದೋ ಅಮ್ಮನೋ, ಯಾರದ್ದೋ ಮಗುವೋ. ನಂಬರ್ ಹಾಕಿದ್ದಾರೆ ಅಂತ ಮನುಷ್ಯರು ಅಲ್ಲ ಅಂತ ಆಗುತ್ತಾ?"

ಅಂದಿನಿಂದ ಅವರು ಆರು ಗಂಟೆಗೆ ಬರತೊಡಗಿದರು. ಒಂಬತ್ತೂವರೆಗೆ ಸಂಶೋಧಕರು ಬರುವಷ್ಟರಲ್ಲಿ ಡಬ್ಬಿಗಳು ಬೆವರಿ, ಆರಿ, ಮೇಜು ಒರೆಸಿ, ಎಲ್ಲ ಸಿದ್ಧವಾಗಿರುತ್ತಿತ್ತು. ಬಂದವರು ಸ್ಲೈಡು ಎತ್ತಿಕೊಂಡು ಕೆಲಸ ಶುರು ಮಾಡುತ್ತಿದ್ದರು. ಡಬ್ಬಿ ಮೇಜಿನ ಮೇಲೆ ಹೇಗೆ ಬಂತು, ಎಷ್ಟು ಹೊತ್ತಾಯಿತು ಎಂದು ಯಾರೂ ಕೇಳಲಿಲ್ಲ. ಬೆಳಗಾದರೆ ಸೂರ್ಯ ಬಂದಿರುತ್ತಾನಲ್ಲ, ಹಾಗೆ ಡಬ್ಬಿಗಳೂ ಬಂದಿರುತ್ತವೆ ಎಂದುಕೊಂಡಿದ್ದರೇನೋ.

ಮೂರು ವರ್ಷದ ಹಿಂದೆ ಲೇಖನ ಪ್ರಕಟವಾಯಿತು. ಬರೆದವರು ಏಳು ಮಂದಿ. ಅದರಲ್ಲಿ ಇಬ್ಬರು ಆ ಫ್ರೀಜರಿನ ಬಾಗಿಲು ಯಾವ ಕಡೆಗೆ ತೆರೆಯುತ್ತದೆಂದೂ ಅರಿಯರು. ಕೆಲಸದ ಕ್ರಮ ವಿವರಿಸುವ ಭಾಗದಲ್ಲಿ "ಸ್ಲೈಡುಗಳನ್ನು ಶೀತದಿಂದ ತೆಗೆದು ಬಳಸಲಾಯಿತು" ಎಂದು ಒಂದೇ ವಾಕ್ಯವಿತ್ತು. ತೆಗೆಯುವುದಕ್ಕೂ ಬಳಸುವುದಕ್ಕೂ ನಡುವೆ ಒಬ್ಬ ಹೆಂಗಸಿನ ಹನ್ನೆರಡು ವರ್ಷದ ಮುಂಜಾವುಗಳಿದ್ದವು. ಅವು ಬಿಟ್ಟುಹೋದವು.

ಮುಂದಿನದನ್ನು ಊಹಿಸುವುದು ಕಷ್ಟವಲ್ಲ. ಬೇರೆ ಮೂರು ಸಂಸ್ಥೆಗಳವರು ಆ ವಾಕ್ಯವನ್ನು ನಂಬಿ, ಶೀತದಿಂದ ತೆಗೆದು ಹಾಗೆಯೇ ಬಳಸಿದರು. ಯಾರಿಗೂ ಚುಕ್ಕಿ ಮೂಡಲಿಲ್ಲ. ನೀವು ಬರೆದದ್ದು ನಿಜವೇ ಎಂದು ಪತ್ರಗಳು ಬಂದವು. ವಿಭಾಗದ ಮುಖ್ಯಸ್ಥರಿಗೆ ಬೆವರು ಕಿತ್ತುಕೊಂಡಿತು. ಅದು ನಲವತ್ತು ನಿಮಿಷಕ್ಕೆ ಆರುವ ಬೆವರಾಗಿರಲಿಲ್ಲ. ವಿಚಾರಣಾ ಸಮಿತಿ ನೇಮಕವಾಯಿತು. ಲೇಖನ ಬರೆದ ಏಳು ಮಂದಿ ವಿದ್ವಾಂಸರು ಕೂಡಿ ಆಲೋಚಿಸಿದ್ದರ ಸಾರ ಇಷ್ಟೇ: ಎಣಿಸಿದವಳು ಸಹಾಯಕಿ, ಅವಳು ಹತ್ತನೆಯ ತರಗತಿ ಓದಿದವಳು, ಅವಳೇ ಚುಕ್ಕಿಗಳನ್ನು ಇಲ್ಲದ ಕಡೆ ಎಣಿಸಿರಬೇಕು.

ಸಮಿತಿ ಅಕ್ಕನನ್ನು ಕೇಳಿದ್ದು ಎರಡೇ ಪ್ರಶ್ನೆ. ಸರಿಯಾಗಿ ಎಣಿಸಿದ್ದೀರಾ? ಯಾರಾದರೂ ಹೀಗೆ ಬರೆ ಎಂದು ಹೇಳಿಕೊಟ್ಟರೇ? ಹೇಗೆ ಕೆಲಸ ಮಾಡುತ್ತೀರಿ ಎಂದು ಕೇಳಲಿಲ್ಲ. ಬಂದ ಪತ್ರಗಳನ್ನು ತೋರಿಸಲಿಲ್ಲ. ಅವರ ಪುಸ್ತಕಗಳನ್ನು ಕಟ್ಟಿ ಕೊಂಡೊಯ್ದರು, ನೋಡಿದ್ದು ಅಂಕಿಯ ಸಾಲುಗಳನ್ನು ಮಾತ್ರ. ವಿಚಾರಣೆ ಮುಗಿಯುವ ತನಕ ನೆಲಮಾಳಿಗೆಯಲ್ಲಿ ಬಾಟಲಿ ತೊಳೆಯುತ್ತಿರಲಿ ಎಂದು ಆದೇಶ ಬಂತು.

"ಬಾಟ್ಲಿ ತೊಳೆಯೋದು ಕೀಳು ಕೆಲಸ ಅಲ್ಲ," ಎನ್ನುತ್ತಾರೆ ಅಕ್ಕ. ಇಡೀ ಮಾತುಕತೆಯಲ್ಲಿ ಅವರ ದನಿ ಏರುವುದು ಇಲ್ಲೊಂದೇ ಕಡೆ. "ನಾನು ಅಲ್ಲಿಂದಲೇ ಬಂದವಳು. ಆದ್ರೆ ಅದನ್ನ ಶಿಕ್ಷೆ ಅಂತ ಕೊಟ್ಟರಲ್ಲ, ಅಲ್ಲಿ ಪಕ್ಕದಲ್ಲಿ ನಿಂತು ತೊಳೀತಿದ್ದ ಇನ್ನಿಬ್ಬರಿಗೆ ಹೇಗನ್ನಿಸಿರಬೇಕು ಹೇಳಿ? ಅವರೇನು ಕಳ್ಳತನ ಮಾಡಿದ್ರು?"

ನಾಲ್ಕು ತಿಂಗಳು ಅವರು ಕೆಳಗಿದ್ದರು. ಆ ನಾಲ್ಕು ತಿಂಗಳು ಮೇಲೆ, ಸ್ವಂತ ಪ್ರಯೋಗಾಲಯದಲ್ಲೇ, ಲೇಖನ ಬರೆದ ಸಂಶೋಧಕರ ಕೈಗೂ ಚುಕ್ಕಿ ಮೂಡಲಿಲ್ಲ. ಬೆಳಿಗ್ಗೆ ಆರಕ್ಕೆ ಡಬ್ಬಿ ತೆಗೆದಿಡುವವರಿಲ್ಲ. ಅವರು ಒಂಬತ್ತೂವರೆಗೆ ಬರುವರು, ತೆಗೆಯುವರು, ಆ ಕ್ಷಣವೇ ಬಿಚ್ಚುವರು. ನೋಡಿ, ಅಕ್ಕ ಇಲ್ಲದಿದ್ದರೆ ಚುಕ್ಕಿಯೂ ಇಲ್ಲ, ಹಾಗಾದರೆ ಅಷ್ಟು ವರ್ಷವೂ ಸುಳ್ಳೇ ಬರೆದಿದ್ದಾಳೆ ಎಂದು ಅದನ್ನೇ ಸಾಕ್ಷಿ ಮಾಡಿಕೊಂಡರು. ಕಣ್ಣಿದ್ದೂ ಇಷ್ಟು ಕುರುಡಾಗಲು ಬಹಳ ಓದಿರಬೇಕು.

ಅಕ್ಕ ಸುಮ್ಮನಿದ್ದರೆಂದೂ ಅಲ್ಲ. ಒಂದು ದಿನ ತೊಳೆದ ಬಾಟಲಿಗಳನ್ನು ಮೇಲಕ್ಕೆ ತಂದಾಗ ಸಂಶೋಧಕರೊಬ್ಬರು ಹಿಮ ಮುಸುಕಿದ ಡಬ್ಬಿಯೊಂದನ್ನು ಕೈಯಲ್ಲಿ ಹಿಡಿದಿದ್ದರು.

"ಸಾರ್, ಡಬ್ಬಿ ಬೆವರು ಆರಿಸ್ಕೊಂಡ್ರಾ?" ಎಂದು ಬಾಗಿಲಲ್ಲೇ ನಿಂತು ಕೇಳಿದರು.

"ಅಕ್ಕಾ, ಇರೋ ತಲೆನೋವೇ ಸಾಕಾಗಿದೆ. ನೀವು ನಿಮ್ಮ ಬಾಟ್ಲಿ ನೋಡ್ಕೊಳ್ಳಿ," ಎಂದರು ಅವರು.

ಅಕ್ಕ ಬಾಟಲಿ ಇಟ್ಟು ಕೆಳಗಿಳಿದರು. ಮೆಟ್ಟಿಲ ತಿರುವಿಗೆ ಬರುವಷ್ಟರಲ್ಲಿ ಮುಚ್ಚಳ ಬಿಚ್ಚಿದ ಟಪ್ ಎಂಬ ಸದ್ದು ಕೇಳಿಸಿತು. "ಕೆನ್ನೆಗೆ ಹೊಡೆದ ಹಾಗಾಯ್ತು," ಎನ್ನುತ್ತಾರೆ. ಅಂದು ಮನೆಗೆ ಹೋಗಿ ಊಟ ಬೇಡವೆಂದರು. ಅತ್ತೆ ಮಂಚದಿಂದಲೇ ಮಗನ ಮೇಲೆ ಹರಿಹಾಯ್ದರು: "ಊರಿನೋರ ಗಡಿಯಾರ ಎಲ್ಲ ರಿಪೇರಿ ಮಾಡ್ತೀಯಲ್ಲೋ, ಹೋಗಿ ಆ ದೊಡ್ಡ ಮನುಷ್ಯರ ತಲೆ ಬಿಚ್ಚಿ ನೋಡಬಾರದಾ? ಒಳಗೆ ಮುಳ್ಳೇ ಇಲ್ಲ ಅನ್ಸುತ್ತೆ!"

ಆ ನಾಲ್ಕು ತಿಂಗಳಲ್ಲಿ ಹಾಳಾದ ಡಬ್ಬಿಗಳು ಹನ್ನೊಂದು. ಹನ್ನೊಂದು ಡಬ್ಬಿಗಳಲ್ಲಿ ಎಷ್ಟು ಮಂದಿಯ ಮೈಯ ಚೂರುಗಳಿದ್ದವೋ, ಅವರಲ್ಲಿ ಎಷ್ಟು ಮಂದಿ ಈ ಲೋಕದಲ್ಲಿಲ್ಲವೋ. ನೋವಿನ ಹಾಸಿಗೆಯಲ್ಲಿ ಮಲಗಿ, ನನ್ನಿಂದ ಇನ್ನೊಬ್ಬರಿಗೆ ಉಪಕಾರವಾಗಲಿ ಎಂದು ಒಪ್ಪಿಗೆಯ ಸಹಿ ಹಾಕಿ ಹೋದವರು ಅವರು. ಆ ನಷ್ಟಕ್ಕೆ ಯಾರ ಮೇಲೂ ವಿಚಾರಣೆ ನಡೆಯಲಿಲ್ಲ. ಮನುಷ್ಯರ ಕಡತದಲ್ಲಿ ಇಲ್ಲದ್ದು ಭಗವಂತನ ಕಡತದಲ್ಲಿರುತ್ತದೆ ಎಂದು ನಂಬಿ ಸಮಾಧಾನ ಮಾಡಿಕೊಳ್ಳಬೇಕು.

ಕೊನೆಗೆ ಸಮಿತಿ ಒಂದು ಸಲ ಮಾಡಿ ತೋರಿಸು ಎಂದಿತು. ಅಧ್ಯಕ್ಷರು, ಇನ್ನೊಬ್ಬ ಸದಸ್ಯರು, ಹೊರಗಿನ ಸಂಸ್ಥೆಯಿಂದ ಬಂದ ನೆರೆಗೂದಲಿನ ಹಿರಿಯ ವಿಜ್ಞಾನಿ, ಆಕೆಯೂ ಹೆಂಗಸು. ಇವರ ಜೊತೆ ಮುಖ್ಯಸ್ಥರು ಮತ್ತು ಆ ಸಂಶೋಧಕರು. ಹೊತ್ತು ಬೆಳಗಿನ ಹನ್ನೊಂದು. ಅಕ್ಕ ಫ್ರೀಜರಿನಿಂದ ಡಬ್ಬಿ ತೆಗೆದರು, ಮೇಜಿನ ಮೇಲಿಟ್ಟರು, ಗಡಿಯಾರ ನೋಡಿದರು, ಸ್ಟೂಲೆಳೆದು ಕುಳಿತರು.

ಒಂದು ನಿಮಿಷ ಕಳೆಯಿತು, ಎರಡು ಕಳೆಯಿತು. ಅಧ್ಯಕ್ಷರು ಕೆಮ್ಮಿದರು. "ಶುರು ಮಾಡಿ."

"ಶುರು ಮಾಡಿದ್ದೀನಿ ಸಾರ್."

"ಏನು ಶುರು ಮಾಡಿದ್ದೀರಿ? ಸುಮ್ಮನೆ ಕೂತಿದ್ದೀರಲ್ಲ!"

"ಡಬ್ಬಿ ಬೆವರ್ತಾ ಇದೆ. ಆರಲಿ."

"ಎಷ್ಟು ಹೊತ್ತು?"

"ನಲವತ್ತು ನಿಮಿಷ. ನಿಮಗೆ ಬೇರೆ ಕೆಲಸ ಇದ್ರೆ ಮುಗಿಸ್ಕೊಂಡು ಬನ್ನಿ."

ಅಧ್ಯಕ್ಷರು ಮುಖ್ಯಸ್ಥರ ಕಡೆ, ಮುಖ್ಯಸ್ಥರು ಸಂಶೋಧಕರ ಕಡೆ, ಸಂಶೋಧಕರು ನೆಲದ ಕಡೆ ನೋಡಿದರು. ನೆರೆಗೂದಲಿನ ವಿಜ್ಞಾನಿ ಮಾತ್ರ ಒಂದು ಕುರ್ಚಿ ತಂದು ಅಕ್ಕನ ಪಕ್ಕದಲ್ಲಿ ಕುಳಿತರು. "ಇದು ಲೇಖನದಲ್ಲಿ ಇಲ್ಲವಲ್ಲಮ್ಮ?" ಎಂದು ಮೆಲ್ಲಗೆ ಕೇಳಿದರು.

"ಲೇಖನ ನಾನು ಓದಿಲ್ಲಮ್ಮ. ನನ್ನ ಪುಸ್ತಕದಲ್ಲಿದೆ. ಎರಡನೇ ವರ್ಷದ್ದು, ನೀಲಿ ರಟ್ಟು."

ಕಟ್ಟಿಟ್ಟಿದ್ದ ಪುಸ್ತಕಗಳನ್ನು ತರಿಸಿದರು. ನೀಲಿ ರಟ್ಟಿನ ಪುಸ್ತಕದಲ್ಲಿ, ಅಂಕಿಗಳ ನಡುವೆ, ದುಂಡನೆಯ ಅಕ್ಷರದಲ್ಲಿ ತಾರೀಖು ಸಮೇತ ಇತ್ತು: "ನನ್ನ ತಪ್ಪಿನಿಂದ ಮೂವತ್ತು ಸ್ಲೈಡು ಹೋದವು. ಬೆವರು ಆರುವ ತನಕ ಡಬ್ಬಿಯ ಮುಚ್ಚಳ ತೆಗೆಯಬಾರದು." ಸಮಿತಿಯ ಬಳಿ ನಾಲ್ಕು ತಿಂಗಳಿನಿಂದ ಇದ್ದ ಪುಸ್ತಕ ಅದು.

ಹಿರಿಯ ವಿಜ್ಞಾನಿ ಇನ್ನೊಂದು ಡಬ್ಬಿ ತರಿಸಿ, ಇದನ್ನು ಕಾಯದೆ ಈಗಲೇ ತೆಗೆದರೆ ಏನಾಗುತ್ತದೆಂದು ಎರಡನ್ನೂ ಹೋಲಿಸಿ ನೋಡೋಣ ಎಂದರು. ಅಕ್ಕ ಕೈ ಮುಂದೆ ಮಾಡಲಿಲ್ಲ. "ಹಾಳಾಗುತ್ತೆ ಅಂತ ಗೊತ್ತಿದ್ದೂ ನಾನು ತೆಗೆಯಲ್ಲಮ್ಮ. ಅದು ಯಾರದ್ದೋ ಮೈಯಿಂದ ಬಂದದ್ದು. ಬೇಕಿದ್ರೆ ಅಭ್ಯಾಸ ಇದ್ದೋರು ತೆಗೀಲಿ."

ಸಂಶೋಧಕರೇ ತೆಗೆದರು.

ಹದಿನಾಲ್ಕು ದಿನ ಕಳೆದ ಮೇಲೆ ಆ ಹಿರಿಯರು ಮತ್ತೆ ಬಂದರು. ಸ್ಲೈಡುಗಳ ಗುರುತಿನ ಚೀಟಿಯ ಮೇಲೆ ಕಾಗದ ಅಂಟಿಸಿ, ಯಾವುದು ಯಾವ ಡಬ್ಬಿಯದೆಂದು ಯಾರಿಗೂ ತಿಳಿಯದಂತೆ ಮಾಡಿ, ಅವರೂ ಅಕ್ಕನೂ ಬೇರೆ ಬೇರೆ ಕುಳಿತು ಎಣಿಸಿದರು. ಕಾದು ತೆಗೆದ ಡಬ್ಬಿಯ ಸ್ಲೈಡಿನಲ್ಲಿ ಐನೂರಕ್ಕೆ ಹಿರಿಯರ ಎಣಿಕೆ ನೂರ ಎಂಬತ್ತೇಳು, ಅಕ್ಕನದು ನೂರ ಎಂಬತ್ತನಾಲ್ಕು. ಕಾಯದೆ ತೆಗೆದದ್ದರಲ್ಲಿ ಇಬ್ಬರಿಗೂ ಸಿಕ್ಕಿದ್ದು ಆರು. ಹಿರಿಯರು ಸೂಕ್ಷ್ಮದರ್ಶಕದಿಂದ ಕಣ್ಣೆತ್ತಿ, "ನಿಮ್ಮ ಕಣ್ಣು ನನ್ನದಕ್ಕಿಂತ ಬಿಗಿ. ಸಂಶಯ ಬಂದದ್ದನ್ನ ನೀವು ಬಿಟ್ಟಿದ್ದೀರಿ, ನಾನು ಸೇರಿಸಿದ್ದೀನಿ," ಎಂದರಂತೆ.

ಲೇಖನ ಉಳಿಯಿತು. ತಿದ್ದುಪಡಿಯಾಗಿ ಒಂದು ಸಾಲು ಅಚ್ಚಾಯಿತು: ಕೆಲಸದ ಕ್ರಮದಲ್ಲಿ, ಡಬ್ಬಿಯನ್ನು ನಲವತ್ತು ನಿಮಿಷ ಆರಲು ಬಿಟ್ಟು ಮುಚ್ಚಳ ತೆಗೆಯಬೇಕೆಂಬ ಒಂದು ಹಂತ ಕಣ್ತಪ್ಪಿನಿಂದ ಬಿಟ್ಟುಹೋಗಿದೆ. ಯಾರ ಕಣ್ಣು, ಯಾರ ಹಂತ ಎಂದಿಲ್ಲ. ಮೂರು ಸಂಸ್ಥೆಗಳಲ್ಲೂ ಈಗ ಚುಕ್ಕಿ ಮೂಡುತ್ತಿದೆ. ಏಳು ಮಂದಿಯೂ ನಿರಾಳವಾಗಿದ್ದಾರೆ. ಅಕ್ಕನನ್ನು ಮರಳಿ ಮೇಲಕ್ಕೆ ಕರೆದರು, ಕರೆದದ್ದೇ ಉಪಕಾರವೆಂಬಂತೆ.

ಆದರೆ ವಿಚಾರಣೆಯ ನಡುವೆ ಅವರ ಸೇವಾ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಒಂದು ಸಾಲು ಬರೆದಿದ್ದರು: "ಎಣಿಕೆಯಲ್ಲಿ ಅಪ್ರಾಮಾಣಿಕತೆಯ ಶಂಕೆ, ಎಚ್ಚರಿಕೆ ನೀಡಲಾಗಿದೆ." ಆ ಸಾಲು ಈಗಲೂ ಹಾಗೆಯೇ ಇದೆ. ತೆಗೆಯಿರಿ ಎಂದು ಅಕ್ಕ ಮೂರು ಅರ್ಜಿ ಕೊಟ್ಟಿದ್ದಾರೆ. ಕಚೇರಿಯ ಉತ್ತರ ಓದಿದರೆ ನಗಬೇಕೋ ಅಳಬೇಕೋ ತಿಳಿಯದು: ಸಮಿತಿ ಬರೆಸಿದ್ದನ್ನು ಸಮಿತಿಯೇ ಹೊಡೆದುಹಾಕಬೇಕು, ಸಮಿತಿ ಕೆಲಸ ಮುಗಿಸಿ ವಿಸರ್ಜನೆಯಾಗಿದೆ, ಆದ್ದರಿಂದ ಸದ್ಯ ಏನೂ ಮಾಡಲಾಗದು. ಕೆಂಪು ಶಾಯಿಗೆ ಕೈಯಿತ್ತು, ಅಳಿಸುವ ರಬ್ಬರಿಗೆ ಕೈಯಿಲ್ಲ. ಆ ಸಾಲನ್ನು ಬರೆಯುವಾಗ ಯಾವ ನಿಯಮವೂ ಅಡ್ಡ ಬರಲಿಲ್ಲವಲ್ಲ! ಒಬ್ಬ ಪ್ರಾಮಾಣಿಕ ಹೆಂಗಸು ಇಪ್ಪತ್ತೇಳು ವರ್ಷ ದುಡಿದು ಆ ಮಾತನ್ನು ಹೊತ್ತುಕೊಂಡು ಮನೆಗೆ ಹೋಗಬೇಕೆ? ಆ ಸಂಸ್ಥೆಯಲ್ಲಿ ದಿನವೂ ದೇವರಿಗೆ ಕೈಮುಗಿದು ಕುರ್ಚಿಯಲ್ಲಿ ಕೂರುವವರು ಇದಕ್ಕೆ ಉತ್ತರ ಹೇಳಬೇಕು.

ಗಡಿಯಾರ ಆರೂ ಮೂವತ್ತಮೂರು ತೋರಿಸುತ್ತಿದೆ. ಕಿಟಕಿಯಿಂದ ಬೆಳಕು ಬಂದಿದೆ. ಫ್ರೀಜರಿನ ಬಾಗಿಲ ಮೇಲೆ ಈಗ ಅದೇ ದುಂಡನೆಯ ಅಕ್ಷರದ ಹಾಳೆಯೊಂದು ಅಂಟಿಕೊಂಡಿದೆ, ತಾವು ಹೋದ ಮೇಲೆ ಬರುವವರಿಗಾಗಿ ಅಕ್ಕ ಬರೆದದ್ದು. ಅವರು ಬಗ್ಗಿ ಒಂದೊಂದು ಡಬ್ಬಿಯನ್ನೂ ಅಡ್ಡ ಬೆಳಕಿನಲ್ಲಿ ನೋಡುತ್ತಾರೆ. ಮೂರು ಆರಿವೆ. ನಾಲ್ಕನೆಯದರ ಮೂಲೆಯಲ್ಲಿ ಇನ್ನೂ ಒಂದು ಹನಿ. ಮತ್ತೆ ಕುಳಿತುಕೊಳ್ಳುತ್ತಾರೆ.

ಲೇಖನದಲ್ಲಿ ನಿಮ್ಮ ಹೆಸರು ಹಾಕಬೇಕಿತ್ತಲ್ಲವೇ ಎಂದರೆ ಕೈ ಆಡಿಸಿ ನಗುತ್ತಾರೆ. "ಅಯ್ಯೋ, ಹೆಸರು ಯಾರಿಗೆ ಬೇಕು. ಡಬ್ಬಿಯಕ್ಕ ಅಂದ್ರೆ ಓ ಅಂತೀನಿ. ಅವರು ಏನು ಬೇಕಾದ್ರೂ ಬರ್ಕೊಳ್ಳಲಿ, ಎಲ್ಲಿ ಬೇಕಾದ್ರೂ ಬಿಡಲಿ." ಹನಿಯ ಮೇಲಿನ ಕಣ್ಣು ತೆಗೆಯದೆಯೇ ಮಾತು ಮುಂದುವರಿಸುತ್ತಾರೆ. "ಈ ಇಡೀ ಕಟ್ಟಡದಲ್ಲಿ ನನ್ನ ಪೂರ್ತಿ ಹೆಸರು ಬರೆದಿರೋದು ಒಂದೇ ಒಂದು ಕಡೆ. ಅಲ್ಲಿ ಸುಳ್ಳು ಬರೆದಿದ್ದಾರೆ. ನಾನು ಹೋಗೋದ್ರೊಳಗೆ ಅದನ್ನ ಅಳಿಸಿದ್ರೆ ಸಾಕು."

ಹನಿ ಆರುತ್ತದೆ. ಅಕ್ಕ ಕೈಮುಗಿದು ಮುಚ್ಚಳ ತೆಗೆಯುತ್ತಾರೆ.